ಬೆಂಚಿಗೆ ವೈಸ್ ಎಲ್ಲಿ, ಗೂಟದ ತೂತು ಎಲ್ಲಿ? ಬಡಗಿ ಮೇಸ್ತ್ರಿಗೆ ಕೇಳ್ರಿ

ಮೇಸ್ತ್ರಿ, ಕೊಪ್ಪಳ: ಅಂಗಡಿ ಬಾಗಿಲಾ ಹಾಕೀನಿ. ಬಡಗಿ ಬೆಂಚು, ಹಲಗಿ ಬಿಗಿ ಹಿಡಿಯೂ ವೈಸ್, ಅದರ ಎದುರಿಗೆ ಹಲಗಿ ತಡಿಯೂ ಗೂಟ, ಏನು ಕೇಳೂದಿದ್ರೂ ಕೇಳ್ರಿ.

ಗಂಗಾವತಿ: ಸರ್, ಆರಡಿ ಬೆಂಚ್ ಮಾಡೀನ್ರಿ, ವೈಸ್ ಯಾವ ಕಡಿ ಕೂಡಿಸ್ಲಿ?

ಮೇಸ್ತ್ರಿ: ಬಲಗೈ ರೂಢಿ ಇದ್ರ ಮುಂದಿನ ಅಂಚಿನ ಎಡ ತುದೀಗೆ. ಹಲಗಿ ಹೆರಿಯೂ ರಂದಾ ಬಲದಿಂದ ಎಡಕ್ಕ ಹೊಡೀತೀವಿ, ಹೊಡ್ತ ವೈಸಿನ ಕಡಿ ಹೋಗ್ಬೇಕು. ವೈಸಿನ ಒಳಗಿನ ದವಡಿ ಬೆಂಚಿನ ಅಂಚಿಗೆ ಸಮ ಇರ್ಲಿ, ಮುಂದ ಚಾಚಿದ್ರ ಉದ್ದನ ಹಲಗಿ ಅಂಚಿಗೆ ಆನೂದಿಲ್ಲ, ಅಲ್ಲಾಡತೈತಿ. ಕಬ್ಬಿಣದ ದವಡಿ ಮ್ಯಾಲಿನ ಮಟ್ಟಕ್ಕಿಂತ ಅರ್ಧ ಇಂಚ್ ಕೆಳಗ ಇರ್ಲಿ, ರಂದಾ ತಗಲಬಾರ್ದು.

ಸಿಂಧನೂರು: ಗೂಟದ ತೂತಿನ ಅಂತರ ಎಷ್ಟ್ರಿ?

ಮೇಸ್ತ್ರಿ: ಮುಕ್ಕಾಲಿಂಚ್ ತೂತು, 19 ಎಂಎಂ. ನಾಕಿಂಚಿಗೊಂದು. ವೈಸ್ ಬಾಯಿ ಅದಕ್ಕಿಂತ ಜಾಸ್ತಿ ತೆರೀಬೇಕು, ಇಲ್ಲಾಂದ್ರ ಎರಡು ತೂತಿನ ನಡುವಿನ ಅಳತಿ ಹಲಗಿ ಸಿಗೂದಿಲ್ಲ. ಮುಂದಿನ ವೈಸ್ ಒಂದೇ ಇದ್ರ ಸಾಲು ಅದರ ನೇರಕ್ಕ ಬೆಂಚಿನ ಅಡ್ಡ ಹೋಗ್ಬೇಕು. ಬಲ ತುದಿಗೆ ಇನ್ನೊಂದು ವೈಸ್ ಇದ್ರ ಮಾತ್ರ ಉದ್ದಕ್ಕ. ಹೊಡ್ಯಾಕ ಮುಂಚೆ ಬಗ್ಗಿ ಕೆಳಗ ನೋಡ್ರಿ, ಕಾಲು, ಪಟ್ಟಿ, ವೈಸಿನ ತಿರುಪು ಅಡ್ಡ ಬರತಾವ.

ಸಿರುಗುಪ್ಪ: ಒಳ್ಳೆ ವೈಸ್ ಈಗ ಏನ್ ರೇಟ್ ಐತೆ?

ಮಾನ್ವಿ: ಮೇಸ್ತ್ರಿ, ಅಪ್ಪಾರ ಕಾಲದ ತೇಗದ ಬೆಂಚ್, ಎರಡಿಂಚ್ ದಪ್ಪ. ಬಲ ತುದಿಗೆ ವೈಸ್ ಹಾಕಿ, ಅಂಚಿಂದ ಒಂದೂವರಿ ಇಂಚ್ ಒಳಗ ಎರಡೆರಡು ಇಂಚಿಗೆ ಹನ್ನೆರಡು ತೂತು ಹೊಡದೆ. ಮರ ಅಗಲಬಾರ್ದು ಅಂತ ಎರಡೂ ತುದಿಗೆ ಕಬ್ಬಿಣದ ಪಟ್ಟಿ ಅಡ್ಡ ಬಿಗದೀನಿ. ಏಪ್ರಿಲ್‌ದಾಗ ಮೊದಲ್ನೇ ತೂತಿಂದ ನಾಕನೇದ್ರ ತನ ಸೀಳು ಬಂತು, ಉಗುರು ಒಳಗ ಹೋಗತೈತಿ. ಅಪ್ಪಾರು ನಮ್ಮನಿ ಬಾಗಿಲಾ ಇದರ ಮ್ಯಾಲೇ ಮಾಡಿದ್ರು. ಉಳೀತೈತ್ರಾ?

ಕುಷ್ಟಗಿ: ಫೆವಿಕಾಲಿಗೆ ಕಟ್ಟಿಗಿ ಹುಡಿ ಕಲಸಿ ತುಂಬ್ರಿ, ಮ್ಯಾಲೆ ಸುಟ್ಟ ಇಂಜಿನ್ ಆಯಿಲ್ ಹಚ್ರಿ. ವಾಟ್ಸಾಪ್‌ದಾಗ ಬಂದಿತ್ತು, ನೂರು ವರ್ಷ ಬಾಳತೈತಂತ.

ಮೇಸ್ತ್ರಿ: ಕುಷ್ಟಗಿಯವ್ರು ಹೇಳಿದ್ದು ಮಾಡಬ್ಯಾಡ ತಮ್ಮಾ. ಆ ಹುಡಿ ಗಟ್ಟಿ ಆಗಿ ಕೂಡತೈತಿ, ಮಳಿಗಾಲಕ್ಕ ಮರ ಉಬ್ಬಿದಾಗ ಮುಚ್ಚಬೇಕಂದ್ರ ಜಾಗಿಲ್ಲದ ಸೀಳು ಇನ್ನೂ ಮುಂದ ಹೋಗತೈತಿ. ಆಯಿಲ್ ಒಮ್ಮೆ ಹೊಕ್ರ ಮುಂದ ಅಂಟು ಹಿಡಿಯೂದಿಲ್ಲ, ಮ್ಯಾಲೆ ಇಟ್ಟ ಹಲಗಿಗೆಲ್ಲ ಕರಿ ಕಲೆ ಹತ್ತತೈತಿ.

ಈಗ ನಿನ್ನ ಬೆಂಚು. ಗೂಟ ಎಲ್ಲಾ ತಗದು ವೈಸ್ ಸಡ್ಲ ಬಿಡು. ತಪ್ಪು ಆ ಪಟ್ಟೀದು. ಬ್ಯಾಸಿಗ್ಯಾಗ ಮರ ಅಗಲಕ್ಕ ಕುಗ್ಗತೈತಿ, ಪಟ್ಟಿ ಕುಗ್ಗಾಕ ಬಿಡಲಿಲ್ಲ, ಅದಕ್ಕ ಎಲ್ಲಿ ಶಕ್ತಿ ಇಲ್ಲೋ ಅಲ್ಲಿ ಸೀಳ್ತು. ಎರಡಿಂಚಿಗೆ ಒಂದು ತೂತು, ಅದೂ ನಾರಿನ ಒಂದೇ ಗೆರಿ ಮ್ಯಾಲೆ, ಬಸ್ ಟಿಕೆಟ್ ಹರಿಯೂ ಚುಕ್ಕಿ ಸಾಲು ಇದ್ದಂಗ. ದುಂಡನ ಗೂಟ ಬ್ಯಾರೆ ಒತ್ತಿದಾಗೊಮ್ಮೆ ಬೆಣಿ ಹೊಡದಂಗ ಆಗತೈತಿ. ಪಟ್ಟಿ ಬಿಚ್ಚು, ನಡುವಿನ ಸ್ಕ್ರೂ ತೂತು ಹಂಗ ಇರ್ಲಿ, ಆಚಿ ಈಚಿ ತೂತು ಅರದಿಂದ ಉದ್ದ ಮಾಡು, ಮರ ಸರದಾಡ್ಲಿ. ಸೀಳಿನ ತುದಿಗೆ ಪೆನ್ಸಿಲ್‌ಲಿಂದ ಗೆರಿ ಎಳದು ತಾರೀಖು ಬರಿ, ಮುಂದ ಹೋದ್ರ ಗೊತ್ತಾಗತೈತಿ. ವಾರ ಬಿಟ್ಟು ಕ್ಲ್ಯಾಂಪ್ ಹಾಕಿ ನೋಡು. ಮೆಲ್ಲಕ ಮುಚ್ಚಿದ್ರ ಅಂಟು ಬಿಟ್ಟು ರಾತ್ರಿಪೂರ್ತಿ ಬಿಗಿ. ಮುಚ್ಚಲಿಲ್ಲಾಂದ್ರ ಜೋರ್ ಮಾಡಬ್ಯಾಡ, ತೇಗದ್ದೇ ತೆಳ್ಳನ ಚಕ್ಕಿ ಅಂಟಿಸಿ ಇಳಿಸು. ಆಮ್ಯಾಲೆ ಒಂದು ಬಿಟ್ಟು ಒಂದು ತೂತು ತೇಗದ ತುಂಡಿನಿಂದ ಮುಚ್ಚು, ತುಂಡಿನ ನಾರು ಬೆಂಚಿನ ನಾರಿನ ಕಡಿಗೇ ಇರ್ಲಿ. ಬೆಂಚಿನ ಬಲ ತುದಿ ಫೋಟೊ ಹಾಕು, ಸೀಳು ವೈಸಿನ ಬೋಲ್ಟಿನ ತನ ಬಂದೈತೇನು ನೋಡ್ಬೇಕು.

ಕಂಪ್ಲಿ: ವೈಸ್ ಎಡಕ್ಕೋ ಬಲಕ್ಕೋ ಸರ್?

ಮೇಸ್ತ್ರಿ: ಎಡಕ್ಕ. ಮ್ಯಾಲೆ ಬರದೀನಿ.

ಲಿಂಗಸುಗೂರು: ಇಷ್ಟೆಲ್ಲಾ ಯಾಕ್ರಿ? ನಮ್ಮಜ್ಜ ನೆಲಕ್ಕ ಕುಂತು ಕಾಲಾಗ ಹಲಗಿ ಹಿಡದು ರಂದಾ ಹೊಡೀತಿದ್ದ. ಕಿನ್ನಾಳದಾಗ ಗೊಂಬಿ ಮಾಡೂದು ನೋಡಿರೇನು?

ಸಿಂಧನೂರು: ಗೊಂಬಿ ಹಗುರ ಮರದ್ದು. ಏಳಡಿ ಚೌಕಟ್ಟು ಕಾಲಾಗ ಹಿಡದು ತೋರ್ಸು.

ಲಿಂಗಸುಗೂರು: ಹಿಡದು ತೋರಿಸಿದವನ ಮೊಮ್ಮಗ ನಾನು. ಯೂಟ್ಯೂಬ್ ನೋಡಿ ಬಡಗಿ ಆದವ್ರು ಮಾತಾಡಬ್ಯಾಡ್ರಿ.

ಸಿಂಧನೂರು: ನಮ್ಮಪ್ಪನೂ ನೆಲಕ್ಕೇ ಕುಂತು ಮಾಡಿದ್ದು. ಐವತ್ತಕ್ಕ ಮೊಣಕಾಲು ಹೋದ್ವು, ಈಗ ಹಿಡ್ಕೊಂಡು ಏಳತಾನ. ಅಜ್ಜನ ಹೆಸರು ಹೇಳಿ ಹುಡುಗರ ಕಾಲ ಕಳೀಬ್ಯಾಡ.

ಲಿಂಗಸುಗೂರು: ನಿಮ್ಮಪ್ಪಗ ಕುಂದ್ರೂ ರೀತಿ ಗೊತ್ತಿರಲಿಲ್ಲ.

ಮೇಸ್ತ್ರಿ: ಅಪ್ಪ ಅಜ್ಜರನ್ನ ಬಿಡ್ರಿ ಇಬ್ರೂ.

ಬಳ್ಳಾರಿ: 18 ಎಂಎಂ ಪ್ಲೈಗೆ ತೂತು ಹೊಡೀಬಹುದಾ? ಗೂಟ ಯಾವ ಮರದ್ದು ಮಾಡ್ಲಿ?

ಮೇಸ್ತ್ರಿ: ಒಂದೇ ಪ್ಲೈಗೆ ಗೂಟ ವಾಲತೈತಿ. ಎರಡು ಅಂಟಿಸು, ಮೂರಾದ್ರ ಇನ್ನೂ ಚಲೋ. ಗೂಟ ಒಣಗಿದ ಬಳ್ಳಾರಿ ಜಾಲೀದು ಮಾಡು. ಕಬ್ಬಿಣದ್ದು ಬ್ಯಾಡ, ತಗಲಿದ್ರ ರಂದಾ ಅಲಗು ಮುಕ್ಕಾಗತೈತಿ.

ಕುಷ್ಟಗಿ: ಆಯಿಲ್ ಬ್ಯಾಡಂದ್ರ ಗೆದ್ದಲಕ್ಕ ಸೀಮಿಎಣ್ಣಿ ತೂತಿಗೆ ಸುರೀಬಹುದಲ್ರಿ, ಅದೂ ಬಂದಿತ್ತು.

ಮೇಸ್ತ್ರಿ: ಬ್ಯಾಡ. ಕಟ್ಟಿಗಿ ಹೊಟ್ಟಿರೋ ಅಂಗಡ್ಯಾಗ ಸೀಮಿಎಣ್ಣಿ ಸುರ್ದು ಬೆಂಕಿ ಹಚ್ಕೋತೀರಿ. ಫಾರ್ವರ್ಡ್ ಬಂದದ್ದು ಇಲ್ಲಿ ಹಾಕಬ್ಯಾಡ್ರಿ.

ಗಂಗಾವತಿ: ನನಗ ಎಡಗೈ ರೂಢಿ ಸರ್, ಹೇಳೂದ ಮರತೆ.

ಮೇಸ್ತ್ರಿ: ಹಂಗಾರ ಬಲಕ್ಕ.

ಸಿರುಗುಪ್ಪ: ರೇಟ್ ಕೇಳಿದ್ದೆ.

ಲಿಂಗಸುಗೂರು: ಬೆಂಚಿಲ್ಲದ ಕೈ ನಡಿಯೂದಿಲ್ಲಂದ್ರ ಅದು ಕಸುಬಲ್ಲ.

ಮೇಸ್ತ್ರಿ: ಸಾಕ್ರಿ. ಮಾನ್ವಿ ತಮ್ಮಾ, ಫೋಟೊ ಎಲ್ಲಿ? ಪಟ್ಟಿ ಬಿಚ್ಚಿದೇನು?