ನಿಟಿನಾಲ್ ತಂತಿ ಹಾಕಿದ ಗಾರೆ: ಬಿಸಿ ಮಾಡಿದರೂ ಬಿರುಕು ಮುಚ್ಚುತ್ತಿಲ್ಲ

ಗಾರೆಹುಡುಗಿ:
ಎಲ್ಲರಿಗೂ ನಮಸ್ಕಾರ. ಸಿವಿಲ್ ಕೊನೇ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇನೆ. 40×40×160 ಮಿ.ಮೀ. ಗಾರೆ ಬೀಮ್, ಸಿಮೆಂಟ್-ಮರಳು 1:3. ಅದಕ್ಕೆ 0.5 ಮಿ.ಮೀ. ದಪ್ಪದ ನಿಟಿನಾಲ್ (ಬಿಸಿಯಾದಾಗ ತನ್ನ ಹಳೆಯ ಆಕಾರಕ್ಕೆ ಮರಳುವ ನಿಕಲ್-ಟೈಟಾನಿಯಂ ಮಿಶ್ರಲೋಹ) ತಂತಿಯನ್ನು 30 ಮಿ.ಮೀ. ತುಂಡು ಮಾಡಿ ಕಲಸಿದ್ದೇನೆ. ಬಿರುಕು ಬಿಟ್ಟಾಗ ಹಿಗ್ಗಿದ ತಂತಿ ಬಿಸಿಗೆ ಕುಗ್ಗಿ ಬಿರುಕನ್ನು ಮುಚ್ಚಬೇಕು ಅನ್ನುವುದು ಯೋಚನೆ. 28 ದಿನ ಕ್ಯೂರಿಂಗ್ ಆಯಿತು. ನಡುವೆ ಭಾರ ಹಾಕಿ 0.4 ಮಿ.ಮೀ. ಬಿರುಕು ಬಿಡಿಸಿ, ಓವನ್‌ನಲ್ಲಿ 100 ಡಿಗ್ರಿಗೆ ಒಂದು ಗಂಟೆ ಇಟ್ಟೆ. ಬಿರುಕು ಒಂದು ಕೂದಲಿನಷ್ಟೂ ಮುಚ್ಚಲಿಲ್ಲ. ಮೂರೂ ಬೀಮ್‌ಗಳದ್ದು ಇದೇ ಕಥೆ. ಎಲ್ಲಿ ತಪ್ಪುತ್ತಿದ್ದೇನೆ?

ತಂತಿಮನೆ:
ಮೊದಲು ತಂತಿ ಯಾವ ಥರದ್ದು ನೋಡಿ. ಹಲ್ಲಿನ ಕ್ಲಿಪ್‌ಗೆ ಬಳಸುವ ನಿಟಿನಾಲ್ ಸೂಪರ್‌ಇಲಾಸ್ಟಿಕ್. ಬಗ್ಗಿಸಿ ಬಿಟ್ಟರೆ ಆಗಲೇ ನೆಟ್ಟಗಾಗುತ್ತದೆ, ಬಿಸಿಗೆ ಕಾಯುವುದಿಲ್ಲ. ನಿಮಗೆ ಬೇಕಾದದ್ದು ಬಗ್ಗಿಸಿದರೆ ಹಾಗೇ ಇದ್ದು, ಬಿಸಿನೀರಿಗೆ ಬಿದ್ದಾಗ ನೆಟ್ಟಗಾಗುವ ತಂತಿ. ಒಂದು ಲೋಟ ಬಿಸಿನೀರಲ್ಲಿ ಗೊತ್ತಾಗುತ್ತದೆ.

ಗಾರೆಹುಡುಗಿ:
ನೋಡಿದೆ ಸರ್. 70 ಡಿಗ್ರಿ ನೀರಲ್ಲಿ ಥಟ್ಟನೆ ನೆಟ್ಟಗಾಯಿತು.

ತಂತಿಮನೆ:
ಹಾಗಾದರೆ ತಂತಿ ಸರಿಯಿದೆ. ಒಂದು ಬೀಮ್ ಪೂರ್ತಿ ಮುರಿದು ಬಿರುಕಿನ ಮುಖ ನೋಡಿ. ತಂತಿ ಹೇಗಿದೆ, ಎಷ್ಟಿದೆ ಹೇಳಿ.

ಗಾರೆಹುಡುಗಿ:
ಬಿರುಕು ದಾಟಿದ್ದು ನಾಲ್ಕೇ ತಂತಿ. ನಾಲ್ಕೂ ನುಣ್ಣಗೆ ಕಿತ್ತು ಬಂದಿವೆ. ಉಳಿದವು ಅಡ್ಡಾದಿಡ್ಡಿ ಬಿದ್ದಿವೆ.

ತಂತಿಮನೆ:
ಸಿಕ್ಕಿತು ನೋಡಿ. ಬಿರುಕು ಬಿಟ್ಟಾಗ ನಿಮ್ಮ ತಂತಿ ಹಿಗ್ಗಲೇ ಇಲ್ಲ, ಜಾರಿತು ಅಷ್ಟೆ. ಹಿಗ್ಗಿದ್ದರೆ ತಾನೇ ಬಿಸಿಯಾದಾಗ ಕುಗ್ಗುವುದು? ನಿಟಿನಾಲ್ ಮೇಲ್ಮೈ ನುಣುಪು, ಗಾರೆ ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ.

ತುದಿಗಳನ್ನು ಬಿಗಿ ಮಾಡಿ, ನಡುವನ್ನು ಬಿಡಿ. ನಡುವೆ 20 ಮಿ.ಮೀ. ಗಾರೆಗೆ ಅಂಟದಂತೆ ಗ್ರೀಸ್ ಸವರಿದರೆ, 0.4 ಮಿ.ಮೀ. ಬಿರುಕಿಗೆ ತಂತಿ 2% ಹಿಗ್ಗುತ್ತದೆ. ಅಷ್ಟನ್ನು ಅದು ಆರಾಮಾಗಿ ವಾಪಸ್ ಪಡೆಯುತ್ತದೆ. ಹಾಗಂತ ಉದ್ದಕ್ಕೂ ಗಟ್ಟಿಯಾಗಿ ಅಂಟಿಸಬೇಡಿ. ಬಿರುಕಿನ ಹತ್ತಿರ ಬರೀ 3 ಮಿ.ಮೀ. ಬಿಡುವಾಗಿದ್ದರೆ ಅದೇ ಬಿರುಕು 13% ಹಿಗ್ಗಿಸುತ್ತದೆ. ನಿಟಿನಾಲ್ ಸುಮಾರು 8% ದಾಟಿದರೆ ಪೂರ್ತಿ ವಾಪಸ್ ಬರಲ್ಲ.

ಲೆಕ್ಕವನ್ನೂ ನೋಡಿ. 0.5 ಮಿ.ಮೀ. ತಂತಿ 400 ಮೆಗಾಪ್ಯಾಸ್ಕಲ್‌ನಲ್ಲಿ (ಚದರ ಮಿ.ಮೀ.ಗೆ 400 ನ್ಯೂಟನ್) ಎಳೆದರೂ ಒಂದಕ್ಕೆ ಸುಮಾರು 78 ನ್ಯೂಟನ್, ಅಂದರೆ 8 ಕೆಜಿ ಭಾರದಷ್ಟು. ಹಾಗಾಗಿ ಬಿರುಕು ದಾಟುವ ತಂತಿ ಹೆಚ್ಚಿರಬೇಕು. ಅಡ್ಡಾದಿಡ್ಡಿ ಕಲಸುವ ಬದಲು ಕೆಳಭಾಗದಲ್ಲಿ ಸಾಲಾಗಿ ಇಡಿ. ನಡುವೆ 5 ಮಿ.ಮೀ. ಕಚ್ಚು ಕೊಯ್ದರೆ ಬಿರುಕು ಅಲ್ಲೇ ಬೀಳುತ್ತದೆ.

ಗಾರೆಹುಡುಗಿ:
ತುದಿಯನ್ನು ಕೊಕ್ಕೆ ಥರ ಬಗ್ಗಿಸಲಾ ಸರ್?

ಇಟ್ಟಿಗೆಗೂಡು:
ನಡುವೆ ಮಾತಾಡುತ್ತೇನೆ, ಕ್ಷಮಿಸಿ. ದಯವಿಟ್ಟು ಸುಮ್ನೆ ಬಗ್ಗಿಸಬೇಡಿ. ತಣ್ಣಗೆ ಬಗ್ಗಿಸಿದ ಕೊಕ್ಕೆ ಬಿಸಿಯಾದಾಗ ತಾನೂ ನೆಟ್ಟಗಾಗಲು ನೋಡುತ್ತದೆ! ನನಗೆ ಎರಡು ವಾರ ಹಾಳಾಗಿದ್ದು ಇದರಿಂದಲೇ. ಕೊಕ್ಕೆಯೇ ಬೇಕಿದ್ದರೆ ಉಕ್ಕಿನ ಅಚ್ಚಿನಲ್ಲಿ ಬಿಗಿಹಿಡಿದು 500 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಕಾಯಿಸಿ ನೀರಿಗೆ ಹಾಕಬೇಕು. ಆಗ ಕೊಕ್ಕೆಯ ಆಕಾರವೇ ಅದರ ನೆನಪಾಗುತ್ತದೆ. ಅದಕ್ಕಿಂತ ಸುಲಭ, ಗಾಳದ ತಂತಿಗೆ ಹಾಕುವ ಪುಟ್ಟ ಲೋಹದ ಕೊಳವೆ ತೂರಿಸಿ ಪಕ್ಕಡಿನಿಂದ ಒತ್ತುವುದು. ದಕ್ಷಿಣ ಕೊರಿಯಾದ ಸಂಶೋಧಕರೂ ಎರಡೂ ತುದಿ ದಪ್ಪಗಿರುವ, ಮೂಳೆ ಆಕಾರದ ತಂತಿ ಬಳಸಿದ್ದಾರೆ.

ಬಿಸಿಯ ಬಗ್ಗೆಯೂ ಒಂದು ಮಾತು. ಸೆಳೆತದಲ್ಲಿರುವ ತಂತಿಗೆ ಬರೀ ತಂತಿಗಿಂತ ಜಾಸ್ತಿ ಬಿಸಿ ಬೇಕು. ಲೋಟದ 70 ಡಿಗ್ರಿ ಬೀಮ್‌ನೊಳಗೆ ಸಾಲದಿರಬಹುದು. ಆದರೆ ಇಡೀ ಬೀಮ್ ಓವನ್‌ನಲ್ಲಿ ಒಣಗಿದರೆ ಗಾರೆ ಕುಗ್ಗಿ ಸಣ್ಣ ಸಣ್ಣ ಬಿರುಕು ಬರುತ್ತವೆ. ಹೀಟ್ ಗನ್‌ನಿಂದ ಬಿರುಕಿನ ಜಾಗ ಮಾತ್ರ ಕಾಯಿಸಿ.

ಗಾರೆಹುಡುಗಿ (ಐದು ವಾರದ ನಂತರ):
ಕೊಳವೆ ಒತ್ತಿದ ಆರು ತಂತಿ, ಕೆಳಗೆ ಸಾಲಾಗಿ, ನಡುವೆ ಗ್ರೀಸ್. 0.4 ಇದ್ದ ಬಿರುಕು ಬಿಸಿಯಲ್ಲಿ 0.1ಕ್ಕೆ ಇಳಿಯಿತು! ಕಣ್ಣಾರೆ ನೋಡಿ ಖುಷಿಯಾಯಿತು, ಸರ್. ತಣ್ಣಗಾದ ಮೇಲೆ ಮಾತ್ರ 0.15 ಆಯಿತು.

ತಂತಿಮನೆ:
ತಣ್ಣಗಾದಾಗ ನಿಟಿನಾಲ್ ಮತ್ತೆ ಮೆತ್ತಗಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ನಯೋಬಿಯಂ ಸೇರಿಸಿದ ತಂತಿ ಸಿಕ್ಕರೆ ಆ ಹಿಡಿತ ಚೆನ್ನಾಗಿ ಉಳಿಯುತ್ತದೆ. ಆ 0.1 ಉಳಿದದ್ದು ಬಿರುಕಿನಲ್ಲಿ ಸಿಕ್ಕ ಮರಳಿನ ಕಣದಿಂದಲೂ ಇರಬಹುದು. ಮುಂದಿನ ಬೀಮ್‌ಗೆ ಕಾಯಿಸುವ ಮೊದಲು ಬಿರುಕಿಗೆ ಗಾಳಿ ಊದಿ ನೋಡಿ.