ಅಪ್‌ಡೇಟ್: ನಗರ ಯೋಜನೆಯ ಇಂಟರ್ನ್‌ಶಿಪ್ ಸಿಕ್ಕಿತು

ಇಂಟರ್ನ್‌ಶಿಪ್‌ಗೆ ನಗರ ವಿನ್ಯಾಸದ ಸ್ಟುಡಿಯೋ ಒಳ್ಳೆಯದೋ, ನಗರ ಯೋಜನೆಯ ಕಚೇರಿಯೋ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಯೋಜನಾ ಕಚೇರಿಯಲ್ಲಿ ಅವಕಾಶ ಸಿಕ್ಕಿದೆ, ಕೆಲಸವೂ ಶುರುವಾಗಿದೆ.

ನಕ್ಷೆ ತಯಾರಿಸುವ ತಂತ್ರಾಂಶವಾದ ಕ್ಯೂಜಿಐಎಸ್ ಕಲಿಯಿರಿ ಎಂದವರ ಮಾತು ಬಹಳ ಉಪಕಾರಕ್ಕೆ ಬಂತು. ಆ ತಂತ್ರಾಂಶ ಉಚಿತ, ಜನರೇ ಸೇರಿ ರೂಪಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯ ದತ್ತಾಂಶವೂ ಉಚಿತ. ಅವೆರಡರಿಂದಲೇ ಮಾಡಿದ ನಕ್ಷೆಯೊಂದನ್ನು ಸಂದರ್ಶನದಲ್ಲಿ ತೋರಿಸಿದೆ. ನಿಲ್ದಾಣ ಯಾವ ಮನೆಗಳಿಗೆ ಹತ್ತಿರ ಎಂದು ತೋರಿಸಲು ಬಸ್ ನಿಲ್ದಾಣದ ಸುತ್ತ 400 ಮೀಟರ್, ಅಂದರೆ ಸುಮಾರು ಐದು ನಿಮಿಷದ ನಡಿಗೆಯ ವೃತ್ತ ಎಳೆಯುವುದು ರೂಢಿ. ನಾನು ವೃತ್ತದ ಬದಲು ಜನ ನಿಜಕ್ಕೂ ನಡೆಯುವ ದಾರಿಯನ್ನೇ ಅಳೆದಿದ್ದೆ. ಉದ್ದನೆಯ ಕಾಂಪೌಂಡ್ ಗೋಡೆ ಅಡ್ಡ ಬಂದ ಕಡೆ, ವೃತ್ತದೊಳಗಿನ ಮನೆಗಳಿಗೂ ನಿಲ್ದಾಣ ದೂರವಾಗಿತ್ತು. ಸಂದರ್ಶಕರು ಬಹಳ ಹೊತ್ತು ಅದನ್ನೇ ಕೆದಕಿ ಕೇಳಿದರು. ಕಂಪ್ಯೂಟರ್‌ನಲ್ಲಿ ಮೂಡಿಸಿದ ಬಣ್ಣಬಣ್ಣದ ಚಿತ್ರಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಈಗ ಭೂಬಳಕೆ ಸಮೀಕ್ಷೆ ನಡೆದಿದೆ, ಅಂದರೆ ಯಾವ ಜಾಗ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ನೋಡಿ, ನಕ್ಷೆಯಲ್ಲಿ ಬಣ್ಣದಿಂದ ಗುರುತಿಸುವ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೊಂದು ಟ್ಯೂಷನ್ ಕೇಂದ್ರ: ಇಂಥ ಕಟ್ಟಡಕ್ಕೆ ನಕ್ಷೆಯಲ್ಲಿ ಯಾವ ಬಣ್ಣ ಕೊಡಬೇಕೆಂಬುದು ಉಪಗ್ರಹ ಚಿತ್ರ ನೋಡಿದರೆ ತಿಳಿಯದು. ಬೀದಿಗಿಳಿದು ಮಹಡಿ ಮಹಡಿಯನ್ನೂ ಗುರುತಿಸಬೇಕು. ಈ ಕೆಲಸ ನನಗೆ ತುಂಬಾ ಹಿಡಿಸಿದೆ.

ಸ್ಟೈಪೆಂಡ್ ಇದೆಯೇ ಎಂದು ಕೇಳಿದ್ದವರಿಗೆ: ಇದೆ. ಲಿಖಿತವಾಗಿ ಪಡೆದ ಮೇಲೆಯೇ ಸೇರಿದೆ, ನೀವೂ ಹಾಗೆಯೇ ಮಾಡಿ.