ಕೋ-ಐಪಿಯಲ್ಲಿ ಸಿಡಿಎಕ್ಸ್2 ಸಿಗ್ತದೆ, ಬಿಆರ್‌ಜಿ1 ನಾಪತ್ತೆ!

ಪೆರ್ಲದವಳು:
ಎಲ್ರಿಗೂ ನಮಸ್ಕಾರ. ಕಾಸರಗೋಡಿನ ಒಂದು ಲ್ಯಾಬಿನಲ್ಲಿ ಕ್ಯಾಕೋ-2 (ಮನುಷ್ಯರ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಬೆಳೆಸಿದ) ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಕೋಶ ಕರುಳಿನ ಗುಣ ಪಡೆಯುವಾಗ ಜೀನ್‌ಗಳನ್ನು ಚಾಲೂ ಮಾಡುವ ಸಿಡಿಎಕ್ಸ್2 ಅನ್ನುವ ಪ್ರೋಟೀನ್ ಹೋಗಿ ಎಸ್‌ಡಬ್ಲ್ಯುಐ/ಎಸ್‌ಎನ್‌ಎಫ್ ಅನ್ನುವ ದೊಡ್ಡ ಪ್ರೋಟೀನ್ ತಂಡವನ್ನು ಕರೆತರುತ್ತದೆ, ಆ ತಂಡದ ಬಿಆರ್‌ಜಿ1 ಎಟಿಪಿ ಖರ್ಚು ಮಾಡಿ ಡಿಎನ್‌ಎ ಸುತ್ತನ್ನು ಸಡಿಲಿಸುತ್ತದೆ ಅಲ್ವಾ, ಅದನ್ನು ಕಣ್ಣಾರೆ ನೋಡೋಣ ಅಂತ ಮೂರು ಸಲ ಕೋ-ಐಪಿ (ಆಂಟಿಬಾಡಿಯಿಂದ ಸಿಡಿಎಕ್ಸ್2ನ್ನು ಹಿಡಿದೆಳೆದು, ಜೊತೆಗೆ ಯಾವ ಪ್ರೋಟೀನ್ ಬರುತ್ತದೆ ಅಂತ ನೋಡುವುದು) ಮಾಡಿದೆ. ಸಿಡಿಎಕ್ಸ್2 ಬ್ಯಾಂಡು 40 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಚೆಂದ ಬರುತ್ತದೆ. ಬಿಆರ್‌ಜಿ1 ಇಲ್ಲವೇ ಇಲ್ಲ, ಇನ್‌ಪುಟ್ಟಿನಲ್ಲೂ (ಐಪಿಗೆ ಮೊದಲು ತೆಗೆದಿಟ್ಟ ಕೋಶದ ರಸ) ಮಸುಕು. ಕೋಶ ಒಡೆಯಲು ರಿಪಾ ಬಫರ್, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಲು 12% ಜೆಲ್, ಅಲ್ಲಿಂದ ಪೊರೆಗೆ ಒಂದು ಗಂಟೆ ಟ್ರಾನ್ಸ್‌ಫರ್. ಆಂಟಿಬಾಡಿ ಹಾಳಾಗಿದೆಯಾ? ಹೊಸದು ಕೇಳಿದರೆ ಗೈಡ್ ಮುಖ ನೋಡಬೇಕು ನೀವು.

ಹಳೇ ಪಿಪೆಟ್:
ಇನ್‌ಪುಟ್ಟಿನಲ್ಲೇ ಇಲ್ಲದ್ದು ಐಪಿಯಲ್ಲಿ ಎಲ್ಲಿಂದ ಬರಬೇಕು ಮಾರಾಯ್ರೆ? ಸ್ಪಿನ್ ಮಾಡಿದ ಮೇಲೆ ತಳದಲ್ಲಿ ಕೂತ ಪೆಲೆಟ್ ಹೇಗಿತ್ತು?

ಪೆರ್ಲದವಳು:
ಬಸಳೆ ಲೋಳೆಯ ಹಾಗೆ. ಟಿಪ್ ಎತ್ತಿದರೆ ನೂಲು ನೂಲಾಗಿ ಬರುತ್ತಿತ್ತು. ಬಿಸಾಡಿದೆ.

ಹಳೇ ಪಿಪೆಟ್:
ಆ ಲೋಳೆಯೇ ಕ್ರೊಮಾಟಿನ್, ಅಂದರೆ ಪ್ರೋಟೀನಿಗೆ ಸುತ್ತಿದ ಡಿಎನ್‌ಎ. ನಿಮ್ಮ ಬಿಆರ್‌ಜಿ1 ಬಹುಪಾಲು ಅದರ ಜೊತೆಗೇ ಕಸದ ಬುಟ್ಟಿಗೆ ಹೋಗಿದೆ. ಕರಗಿ ಬಂದ ಚೂರುಪಾರನ್ನೂ ರಿಪಾದಲ್ಲಿರುವ ಎಸ್‌ಡಿಎಸ್ ಅನ್ನುವ ಜೋರು ಸೋಪು ಸಿಡಿಎಕ್ಸ್2ನಿಂದ ಬಿಡಿಸಿರುತ್ತದೆ. ತಂಡವನ್ನು ಒಟ್ಟಿಗೆ ಹಿಡಿಯುವ ಕೆಲಸಕ್ಕೆ ರಿಪಾ ಆಗದು.
ಮೊದಲು ಕಡಿಮೆ ಉಪ್ಪಿನ ಬಫರಿನಲ್ಲಿ ಕೋಶ ಉಬ್ಬಿಸಿ ಒಡೆದು, ನ್ಯೂಕ್ಲಿಯಸ್ ಮಾತ್ರ ಕೆಳಗಿಳಿಸಿ. ಅದಕ್ಕೆ 420 ಮಿಲಿಮೋಲಾರ್ ಉಪ್ಪಿನ ಬಫರ್ ಹಾಕಿ ಅರ್ಧ ಗಂಟೆ ತಣ್ಣಗೆ ತಿರುಗಿಸಿ. ಸ್ಪಿನ್ ಮಾಡಿ, ಮೇಲಿನ ದ್ರವದ ಉಪ್ಪನ್ನು 150ಕ್ಕೆ ಇಳಿಸಿ, ಆಮೇಲೆ ಡಿಎನ್‌ಎ ಕತ್ತರಿಸುವ ಬೆಂಜೋನೇಸ್ ಎಂಜೈಮ್ ಹಾಕಿ. ಅವಸರದಲ್ಲಿ 420ರಲ್ಲೇ ಸುರಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಮೆಗ್ನೀಸಿಯಂ ಬೇಕು, ಹಾಗಾಗಿ ಪ್ರೋಟೀನ್ ತುಂಡಾಗದಂತೆ ಹಾಕುವ ಪ್ರೋಟಿಯೇಸ್ ಇನ್ಹಿಬಿಟರ್ ಮಾತ್ರೆ, ಮೆಗ್ನೀಸಿಯಂ ಹಿಡಿದಿಡುವ ಇಡಿಟಿಎ ಇಲ್ಲದ್ದೇ ಆಗಬೇಕು. ನಾನು ಈ ಮಾತ್ರೆ ವಿಷಯದಲ್ಲೇ ಒಂದು ತಿಂಗಳು ಹಾಳು ಮಾಡಿದ್ದೆ.

ಉಪ್ಪಳದ ಅಕ್ಕ:
ಜೆಲ್ ಬಗ್ಗೆ ಯಾರೂ ಹೇಳಲಿಲ್ವಲ್ಲ! ಬಿಆರ್‌ಜಿ1 ಬ್ಯಾಂಡು 200 ಕಿಲೋಡಾಲ್ಟನ್ ಆಸುಪಾಸು. ಅಷ್ಟು ದೊಡ್ಡದು 12% ಜೆಲ್ಲಿನ ಬಾಯಲ್ಲೇ ಕೂತಿರುತ್ತದೆ ತಂಗಿ. ಇದಕ್ಕೆ 6% ಓಡಿಸು, ಟ್ರಾನ್ಸ್‌ಫರ್ ಬಫರಿನ ಮೆಥನಾಲ್ 10%ಗೆ ಇಳಿಸು, ಕೋಲ್ಡ್ ರೂಮಿನಲ್ಲಿ 30 ವೋಲ್ಟಿಗೆ ರಾತ್ರಿಯಿಡೀ ಟ್ರಾನ್ಸ್‌ಫರ್. ಸಿಡಿಎಕ್ಸ್2ಗೆ ಅದೇ ಸ್ಯಾಂಪಲ್ಲನ್ನು ಬೇರೆ 12% ಜೆಲ್ಲಿನಲ್ಲಿ ನೋಡು. ಐಜಿಜಿ ಕಂಟ್ರೋಲ್ (ಸಿಡಿಎಕ್ಸ್2ನ್ನು ಗುರುತಿಸದ ಸಾದಾ ಆಂಟಿಬಾಡಿಯಿಂದ ಅದೇ ಐಪಿ) ಇಲ್ಲದೆ ಮಾತ್ರ ಮಾಡಬೇಡ. ಬೆಂಜೋನೇಸನ್ನೂ ಬಿಡಬೇಡ. ಎರಡು ಪ್ರೋಟೀನು ಒಂದೇ ಡಿಎನ್‌ಎ ತುಂಡಿಗೆ ಅಂಟಿ ಒಟ್ಟಿಗೆ ಬಂದರೂ ಜೋಡಿ ಅಂತಲೇ ಕಾಣುತ್ತದೆ.
ಮತ್ತೆ, ಕೋಶ ಎಷ್ಟನೇ ದಿನದ್ದು? ಕ್ಯಾಕೋ-2 ತಟ್ಟೆ ತುಂಬಿದ ಮೇಲೆ ಪೂರ್ತಿ ಪಳಗಿ ಕರುಳಿನ ಗುಣ ಪಡೆಯಲು ಮೂರು ವಾರ ಬೇಕು.

ಪೆರ್ಲದವಳು:
ತುಂಬಿ ನಾಲ್ಕೇ ದಿನ ಆಗಿತ್ತು ಅಕ್ಕ. 21ನೇ ದಿನದ್ದಕ್ಕೂ ತಟ್ಟೆ ಇಟ್ಟಿದ್ದೇನೆ.

ಪೆರ್ಲದವಳು (ಹತ್ತು ದಿನದ ಮೇಲೆ):
ನೀವು ಹೇಳಿದ ಹಾಗೆ ಮಾಡಿದೆ, ಬಿಆರ್‌ಜಿ1 ಬಂತು! ನಾಲ್ಕನೇ ದಿನದ ಕೋಶವೇ, ಇನ್‌ಪುಟ್ಟಿನಲ್ಲಿ ದಪ್ಪ ಬ್ಯಾಂಡು. ಐಪಿಯಲ್ಲಿ ತೆಳು, ಆದರೆ ಉಂಟು. ಐಜಿಜಿ ಲೇನು ಖಾಲಿ. ಆಟಿಯ ಮಳೆಗೆ ಟ್ರಾನ್ಸ್‌ಫರ್ ನಡೆಯುವ ರಾತ್ರಿ ಎರಡು ಸಲ ಕರೆಂಟ್ ಹೋಗಿತ್ತು, ಅದಕ್ಕೇ ತೆಳುವೋ ಏನೋ. ಆಂಟಿಬಾಡಿ ಅದೇ ಹಳೇದು.